ಚಿತ್ರತುರಗದ ಆಚೆ: 1997ರ ಸರ್ವೈವರ್ ಸೀರೀಸ್ ಕುಸ್ತಿಯಲ್ಲಿ ಪಾತ್ರ, ಪಾತ್ರಧಾರಿ ಮತ್ತು ಸಂಶಯ

ಅಮೆರಿಕದ ವೃತ್ತಿಪರ ಕುಸ್ತಿಯನ್ನು ಕುರಿತು ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಅದು ನಿಜವೋ ಸುಳ್ಳೋ ಎಂಬುದು. ಸೋಲು ಗೆಲುವುಗಳು ಮೊದಲೇ ನಿಶ್ಚಯವಾಗಿರುತ್ತವೆ ಎಂದು ತಿಳಿದ ಕೂಡಲೇ ಅದನ್ನು ಮೋಸವೆಂದು ಬದಿಗಿರಿಸುವುದು ವಿದ್ಯಾವಂತರ ರೂಢಿ. ಆದರೆ ದುರ್ಯೋಧನನ ತೊಡೆ ಮುರಿಯುವುದು ಮೊದಲೇ ತಿಳಿದಿದೆ ಎಂಬ ಕಾರಣಕ್ಕೆ ಯಕ್ಷಗಾನ ಪ್ರಸಂಗವನ್ನು ಯಾರೂ ಮೋಸವೆಂದು ಕರೆಯುವುದಿಲ್ಲ. ತಾಳಮದ್ದಳೆಯಲ್ಲಿ ಕರ್ಣನ ಅರ್ಥಧಾರಿಯು ವಾದದಲ್ಲಿ ಕೃಷ್ಣನನ್ನು ಮೀರಿಸಬಲ್ಲ. ಆದರೂ ಪ್ರಸಂಗದ ಪ್ರಕಾರ ಅವನು ಬೀಳಲೇಬೇಕು. ಹಾಗೆ ಬೀಳುವುದು ಅರ್ಥಧಾರಿಯ ಸೋಲಲ್ಲ. ನಿಜ-ಸುಳ್ಳುಗಳ ಪ್ರಶ್ನೆ ಪ್ರದರ್ಶನ ಕಲೆಗಳ ವಿಚಾರದಲ್ಲಿ ಬಹಳ ಹಿಂದೆಯೇ ಅಪ್ರಸ್ತುತವಾಗಿದೆ. ವೃತ್ತಿಪರ ಕುಸ್ತಿಗೆ ಮಾತ್ರ ಅದನ್ನು ಮತ್ತೆ ಮತ್ತೆ ಅನ್ವಯಿಸುವುದಕ್ಕೆ ಕಾರಣವೇನು ಎಂಬುದು ವಿಚಾರಾರ್ಹವಾಗಿದೆ.

ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ‘ಮಿಥಾಲಜೀಸ್’ ಕೃತಿಯ ಮೊದಲ ಪ್ರಬಂಧದಲ್ಲಿಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾನೆ. ಅವನ ದೃಷ್ಟಿಯಲ್ಲಿ ಕುಸ್ತಿಯು ಕ್ರೀಡೆಯಲ್ಲ, ಅತಿರೇಕದ ದೃಶ್ಯ. ಪ್ರೇಕ್ಷಕನಿಗೆ ಬೇಕಾದುದು ಯಾರು ಗೆದ್ದರು ಎಂಬ ಫಲಿತಾಂಶವಲ್ಲ, ನೋವು, ಸೋಲು, ನ್ಯಾಯ ಎಂಬಿವು ಮೈಯಲ್ಲಿ ಸ್ಪಷ್ಟವಾಗಿ ಓದಿಬರುವ ಸಂಕೇತಗಳು. ಬಾರ್ತ್‌ನ ವಿವರಣೆ ಇಂದಿಗೂ ಮೌಲಿಕವಾದುದೇ. ಆದರೆ ಅದಕ್ಕೊಂದು ಮಿತಿಯಿದೆ. ಸಂಕೇತವು ಪೂರ್ತಿಯಾಗಿ ಸ್ಪಷ್ಟವಾಗಿರುತ್ತದೆ, ಪ್ರೇಕ್ಷಕನಿಗೆ ಗೊಂದಲವಿರುವುದಿಲ್ಲ ಎಂಬುದು ಅವನ ಗ್ರಹಿಕೆ. 1997ರ ನವೆಂಬರ್ 9ರಂದು ಕೆನಡಾದ ಮಾಂಟ್ರಿಯಲ್ ನಗರದ ಮೋಲ್ಸನ್ ಸೆಂಟರ್‌ನಲ್ಲಿ ನಡೆದ ‘ಸರ್ವೈವರ್ ಸೀರೀಸ್’ ಎಂಬ ಪೇ-ಪರ್-ವ್ಯೂ ಪ್ರದರ್ಶನದ ಕೊನೆಯ ಪಂದ್ಯ ಈ ಗ್ರಹಿಕೆಗೆ ಸವಾಲೊಡ್ಡುತ್ತದೆ. ಬ್ರೆಟ್ ಹಾರ್ಟ್ ಮತ್ತು ಶಾನ್ ಮೈಕಲ್ಸ್ ನಡುವಿನ ಆ ಪಂದ್ಯವನ್ನು ಭಾರತೀಯ ಕಾವ್ಯಮೀಮಾಂಸೆಯ ಕೆಲವು ಪರಿಕಲ್ಪನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಂಕುಕನ ಕುದುರೆ

ರಸಸೂತ್ರದ ವ್ಯಾಖ್ಯಾನಕಾರರಲ್ಲಿ ಒಬ್ಬನಾದ ಶ್ರೀಶಂಕುಕನ ಮತವು ಅಭಿನವಗುಪ್ತನ ‘ಅಭಿನವಭಾರತಿ’ಯ ಮೂಲಕ ಉಳಿದುಬಂದಿದೆ, ಕನ್ನಡ ಓದುಗರಿಗೆ ಅದು ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಪರಿಚಿತವಾಗಿದೆ. ಚಿತ್ರದಲ್ಲಿರುವ ಕುದುರೆಯನ್ನು ನೋಡಿ ‘ಇದು ಕುದುರೆ’ ಎನ್ನುವವನ ತಿಳಿವು ಸಮ್ಯಕ್ ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ. ನಟನನ್ನು ನೋಡಿ ‘ಇವನು ರಾಮ’ ಎನ್ನುವ ಪ್ರೇಕ್ಷಕನ ತಿಳಿವು ಈ ನಾಲ್ಕಕ್ಕಿಂತಲೂ ವಿಲಕ್ಷಣವಾದುದು ಎಂಬುದು ಶಂಕುಕನ ವಾದ. ಇದನ್ನು ಚಿತ್ರತುರಗನ್ಯಾಯ ಎನ್ನಲಾಗಿದೆ. ಅನುಕಾರ್ಯನಾದ ರಾಮ, ಅನುಕರ್ತೃವಾದ ನಟ ಇವರಿಬ್ಬರೂ ಬೇರೆಯೆಂದು ಪ್ರೇಕ್ಷಕನಿಗೆ ಗೊತ್ತು; ಗೊತ್ತಿದ್ದೂ ಆ ಅರಿವನ್ನು ಅವನು ಬದಿಗಿಟ್ಟಿರುತ್ತಾನೆ.

ಕುಸ್ತಿಯವರ ವೃತ್ತಿಭಾಷೆಯಲ್ಲಿ ‘ಕೇಫೇಬ್’ ಎಂಬೊಂದು ಪದವಿದೆ. ಕಣದ ಒಳಗಿನ ಹಗೆ, ಸ್ನೇಹ, ಗಾಯ ಇವೆಲ್ಲವನ್ನೂ ಕಣದ ಹೊರಗೂ ನಿಜವೆಂಬಂತೆ ಪಾಲಿಸುವ ಕಟ್ಟುಪಾಡಿಗೆ ಈ ಹೆಸರು. ಮೇಲುನೋಟಕ್ಕೆ ಇದು ಚಿತ್ರತುರಗನ್ಯಾಯದ ಇನ್ನೊಂದು ರೂಪದಂತೆ ಕಾಣಿಸಿದರೂ ಒಂದು ಮುಖ್ಯ ವ್ಯತ್ಯಾಸವಿದೆ. ಯಕ್ಷಗಾನದ ಭೀಮ ಚೌಕಿಗೆ ಮರಳಿ ಬಣ್ಣ ಒರೆಸಿಕೊಂಡ ಮೇಲೆ ಭೀಮನಾಗಿ ಉಳಿಯಬೇಕಾಗಿಲ್ಲ. ಹಳೆಯ ಕುಸ್ತಿಪಟುವಾದರೋ ಬೀದಿಯಲ್ಲಿ, ಹೋಟೆಲಿನಲ್ಲಿ, ಪ್ರಯಾಣದಲ್ಲಿಯೂ ಪಾತ್ರವನ್ನು ಬಿಡುವಂತಿರಲಿಲ್ಲ. ಖಳನಾದವನು ನಾಯಕನಾದವನ ಜೊತೆ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳುವುದು ಅಪರಾಧವಾಗಿತ್ತು. ಚಿತ್ರಕ್ಕೆ ಚೌಕಟ್ಟೇ ಇಲ್ಲದಿದ್ದರೆ ಅದು ಚಿತ್ರವೆಂದು ತಿಳಿಯುವುದು ಹೇಗೆ? ಕುಸ್ತಿಯ ವಿಷಯದಲ್ಲಿ ನಿಜ-ಸುಳ್ಳುಗಳ ಪ್ರಶ್ನೆ ಸಾಯದೆ ಉಳಿದಿರುವುದಕ್ಕೆ ಪ್ರೇಕ್ಷಕರ ಅಜ್ಞಾನ ಕಾರಣವಲ್ಲ. ಚೌಕಟ್ಟನ್ನು ಮರೆಮಾಡಿದ ಈ ಕಟ್ಟುಪಾಡು ಕಾರಣ.

1989ರಲ್ಲಿ ವರ್ಲ್ಡ್ ರೆಸ್ಲಿಂಗ್ ಫೆಡರೇಶನ್ (ಡಬ್ಲ್ಯುಡಬ್ಲ್ಯುಎಫ್ ಎಂಬ ಹಳೆಯ ಹೆಸರಿನಿಂದ ಡಬ್ಲ್ಯುಡಬ್ಲ್ಯುಇ ಎಂಬ ಇಂದಿನ ಹೆಸರಿನವರೆಗೆ ಸಾಗಿಬಂದ ಸಂಸ್ಥೆ) ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ತನ್ನ ಪ್ರದರ್ಶನಗಳು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡಾ ನಿಯಂತ್ರಣದಿಂದಲೂ ಅದರ ಶುಲ್ಕಗಳಿಂದಲೂ ಪಾರಾಗುವುದು ಅದರ ಉದ್ದೇಶವಾಗಿತ್ತು. ಕಲಾಮೀಮಾಂಸೆಯ ಒಂದು ಮೂಲಭೂತ ಪ್ರಶ್ನೆ ತೆರಿಗೆಯ ಕಾರಣಕ್ಕೆ ಇತ್ಯರ್ಥವಾದ ಅಪರೂಪದ ನಿದರ್ಶನವಿದು.

ಗಡಿ ದಾಟಿದರೆ ನಾಯಕ

ಪೇ-ಪರ್-ವ್ಯೂ ಎಂಬುದು ಕೇಬಲ್ ಗ್ರಾಹಕನು ಒಂದು ಪ್ರದರ್ಶನಕ್ಕಾಗಿ ಪ್ರತ್ಯೇಕ ಹಣ ತೆತ್ತು ನೋಡುವ ವ್ಯವಸ್ಥೆ. ವಾರವಾರದ ಕಾರ್ಯಕ್ರಮಗಳಲ್ಲಿ ಹಗೆಯನ್ನು ಬೆಳೆಸಿ, ತಿಂಗಳಿಗೊಮ್ಮೆ ಅದರ ಪರಿಣಾಮವನ್ನು ಮಾರುವುದು ಇದರ ಕ್ರಮ. ಪಂಚಸಂಧಿಗಳ ಭಾಷೆಯಲ್ಲಿ ಹೇಳುವುದಾದರೆ ಮುಖದಿಂದ ವಿಮರ್ಶದವರೆಗಿನ ಕಥೆ ಉಚಿತ, ನಿರ್ವಹಣಕ್ಕೆ ಮಾತ್ರ ಬೆಲೆ. ಆದರೆ ಆ ನಿರ್ವಹಣವು ಎಂದೂ ಪೂರ್ಣವಾಗುವಂತಿಲ್ಲ. ಮರುದಿನವೇ ಅದು ಮತ್ತೊಂದು ಕಥೆಯ ಮುಖಸಂಧಿಯಾಗಬೇಕು.

ಬ್ರೆಟ್ ಹಾರ್ಟ್ ಕೆನಡಾದ ಕ್ಯಾಲ್ಗರಿಯ ಕುಸ್ತಿ ಮನೆತನದವನು. ಅವನ ತಂದೆ ಸ್ಟು ಹಾರ್ಟ್ ತನ್ನ ಮನೆಯ ನೆಲಮಾಳಿಗೆಯಲ್ಲಿಯೇ ಪೈಲ್ವಾನರನ್ನು ತಯಾರು ಮಾಡುತ್ತಿದ್ದ. ಈ ಕಡೆಯ ಗರಡಿಮನೆಯ ಉಸ್ತಾದನಿಗೆ ಸಮಾನನಾದವನು. ಬ್ರೆಟ್‌ನ ಪಾತ್ರವೂ ಆ ಹಿನ್ನೆಲೆಗೆ ತಕ್ಕಂತೆ ಕಸುಬಿನ ನಿಷ್ಠೆ, ನೇರ ನಡೆಗಳಿಂದ ರೂಪುಗೊಂಡಿತ್ತು. ಶಾನ್ ಮೈಕಲ್ಸ್‌ನ ಪಾತ್ರ ಇದಕ್ಕೆ ತದ್ವಿರುದ್ಧವಾದ ಬೆಡಗು, ಉಡಾಫೆ, ಆತ್ಮರತಿಗಳದು. 1996ರ ಮಾರ್ಚ್ 31ರಂದು ಅನಾಹೈಮ್‌ನಲ್ಲಿ ನಡೆದ 12ನೆಯ ರೆಸಲ್‌ಮೇನಿಯಾದಲ್ಲಿ ಇವರಿಬ್ಬರೂ 60 ನಿಮಿಷಗಳ ಪಂದ್ಯವನ್ನಾಡಿ, ಯಾರೂ ಗೆಲ್ಲದೆ ಹೆಚ್ಚುವರಿ ಅವಧಿಯಲ್ಲಿ ಮೈಕಲ್ಸ್ ಬಿರುದನ್ನು ಪಡೆದ. ಮುಂದಿನ ದಿನಗಳಲ್ಲಿ ಇವರ ವೈರ ಕಥೆಯನ್ನು ಮೀರಿ ಬೆಳೆಯಿತು. 1997ರ ಜೂನ್‌ನಲ್ಲಿ ತೆರೆಮರೆಯಲ್ಲಿ ಇಬ್ಬರೂ ನಿಜವಾಗಿಯೇ ಕೈಕೈ ಮಿಲಾಯಿಸಿದರು.

ಈ ನಡುವೆ ನಡೆದ ಇನ್ನೊಂದು ಪಂದ್ಯವನ್ನು ಬಿಟ್ಟು ಮಾಂಟ್ರಿಯಲ್ ಘಟನೆಯನ್ನು ಅರ್ಥೈಸಲಾಗದು. 1997ರ ಮಾರ್ಚ್ 23ರಂದು ಇಲಿನಾಯ್ ರಾಜ್ಯದ ರೋಸ್‌ಮಾಂಟ್‌ನಲ್ಲಿ ನಡೆದ 13ನೆಯ ರೆಸಲ್‌ಮೇನಿಯಾದಲ್ಲಿ ಹಾರ್ಟ್ ಸ್ಟೀವ್ ಆಸ್ಟಿನ್ ಎಂಬ ಖಳಪಾತ್ರಧಾರಿಯನ್ನು ಎದುರಿಸಿದ. ಸೋತವನು ಬಾಯಿಬಿಟ್ಟು ಸೋಲನ್ನು ಒಪ್ಪಿಕೊಳ್ಳಬೇಕೆಂಬುದು ಷರತ್ತು. ಹಾರ್ಟ್‌ನ ‘ಶಾರ್ಪ್‌ಶೂಟರ್’ ಎಂಬ ಕಾಲ್ಪಟ್ಟಿನಲ್ಲಿ ಸಿಲುಕಿದ ಆಸ್ಟಿನ್, ಹಣೆಯ ಗಾಯದಿಂದ ಮುಖವೆಲ್ಲ ರಕ್ತಮಯವಾದರೂ ಸೋಲನ್ನು ಒಪ್ಪಲಿಲ್ಲ. ಹಾಗೆಯೇ ಪ್ರಜ್ಞೆ ತಪ್ಪಿದ. ಪಂದ್ಯ ಮುಗಿದ ಮೇಲೂ ಹಾರ್ಟ್ ಅವನನ್ನು ಹೊಡೆದ. ನಾಯಕನಾಗಿ ಕಣಕ್ಕೆ ಬಂದವನು ಖಳನಾಗಿ ಹೊರಟ. ಖಳನಾಗಿ ಬಂದವನು ನಾಯಕನಾಗಿ ಎದ್ದು ನಡೆದ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವು ಮೊದಲ ರಕ್ತ ಕಾಣಿಸಿದೊಡನೆ ನಿಲ್ಲುತ್ತದೆ. ಅಲ್ಲಿ ರಕ್ತವೆಂದರೆ ಪೂರ್ಣವಿರಾಮ. ರೋಸ್‌ಮಾಂಟ್‌ನಲ್ಲಾದರೋ ರಕ್ತವು ಕಥೆಯ ಆರಂಭವಾಯಿತು.

ಇದಾದ ಮೇಲೆ ಹಾರ್ಟ್‌ನ ಪಾತ್ರ ಅಮೆರಿಕದ ಪ್ರೇಕ್ಷಕರನ್ನೇ ದೂಷಿಸತೊಡಗಿತು. ಕ್ರೌರ್ಯಕ್ಕೆ ಚಪ್ಪಾಳೆ ತಟ್ಟುವ ಸಮಾಜವೆಂದು ಅವರನ್ನು ನಿಂದಿಸಿತು. ಪರಿಣಾಮವಾಗಿ ಒಂದು ವಿಚಿತ್ರ ಸನ್ನಿವೇಶ ಏರ್ಪಟ್ಟಿತು. ಅಮೆರಿಕದ ಊರುಗಳಲ್ಲಿ ಅವನಿಗೆ ಧಿಕ್ಕಾರ, ಗಡಿ ದಾಟಿ ಕೆನಡಾಕ್ಕೆ ಬಂದರೆ ಜಯಕಾರ. ಜುಲೈ 6ರಂದು ಕ್ಯಾಲ್ಗರಿಯಲ್ಲಿ ನಡೆದ ಪ್ರದರ್ಶನದಲ್ಲಿ ಹಾರ್ಟ್ ಬಳಗ ಗೆದ್ದಾಗ ಊರಿಗೆ ಊರೇ ಸಂಭ್ರಮಿಸಿತು. ಮಾತು ಅದೇ, ವೇಷ ಅದೇ. ಸೀಮೆ ಬದಲಾದೊಡನೆ ಅರ್ಥ ಬದಲಾಯಿತು. ಕನ್ನಡ ವಿಮರ್ಶೆಗೆ ಇದು ಅಪರಿಚಿತ ಸಂಗತಿಯಲ್ಲ. ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರನ್ನ ‘ಸಾಹಸಭೀಮವಿಜಯ’ವನ್ನು ರಚಿಸಿದರೂ ದುರ್ಯೋಧನನೇ ಆ ಕಾವ್ಯದ ದುರಂತ ನಾಯಕನೆಂದು ವಾದಿಸಿದ ಓದುಗರ ಪರಂಪರೆಯೇ ಇದೆ. ಆದರೆ ರನ್ನನ ಓದುಗರ ನಡುವಿನ ಭೇದ ಕಾಲದಿಂದ, ಅಭಿರುಚಿಯಿಂದ ಉಂಟಾದುದು. ಹಾರ್ಟ್‌ನ ಪ್ರೇಕ್ಷಕರ ನಡುವಿನ ಭೇದವಾದರೋ ಭೂಪಟದ ಮೇಲೆ ಗೆರೆ ಎಳೆದು ತೋರಿಸಬಹುದಾದಷ್ಟು ಸ್ಪಷ್ಟ.

ಆಗಸ್ಟ್ 3ರ ‘ಸಮ್ಮರ್‌ಸ್ಲ್ಯಾಮ್’ನಲ್ಲಿ ಹಾರ್ಟ್ ‘ಅಂಡರ್‌ಟೇಕರ್’ನನ್ನು ಸೋಲಿಸಿ ಬಿರುದನ್ನು ಗಳಿಸಿದ. ಅಂದಿನ ವಿಶೇಷ ತೀರ್ಪುಗಾರ ಶಾನ್ ಮೈಕಲ್ಸ್. ಹಾರ್ಟ್ ಅವನ ಮೇಲೆ ಉಗುಳಿದ. ಸಿಟ್ಟಿಗೆದ್ದ ಮೈಕಲ್ಸ್ ಬೀಸಿದ ಕುರ್ಚಿ ಅಂಡರ್‌ಟೇಕರ್‌ಗೆ ತಾಗಿತು. ಬಿರುದು ಕೈಸೇರಿದ್ದೇ ಹಾರ್ಟ್‌ನ ಸಂಕಟಕ್ಕೂ ಮೂಲವಾಯಿತು.

ಮಾಂಟ್ರಿಯಲ್

1990ರ ದಶಕದ ನಡುವಿನಲ್ಲಿ ಟೆಡ್ ಟರ್ನರ್ ಒಡೆತನದ ವರ್ಲ್ಡ್ ಚಾಂಪಿಯನ್‌ಶಿಪ್ ರೆಸ್ಲಿಂಗ್, ಅಂದರೆ ಡಬ್ಲ್ಯುಸಿಡಬ್ಲ್ಯು, ಪ್ರತಿಸ್ಪರ್ಧಿಯಾಗಿ ಬೆಳೆದಿತ್ತು. 1996ರಲ್ಲಿ ಹಾರ್ಟ್‌ನೊಡನೆ 20 ವರ್ಷಗಳ ಒಪ್ಪಂದ ಮಾಡಿಕೊಂಡಿದ್ದ ಮಾಲೀಕ ವಿನ್ಸ್ ಮೆಕ್‌ಮ್ಯಾನ್, ಒಂದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಪೂರೈಸಲಾಗದೆಂದು ತಿಳಿಸಿದ. ಹಾರ್ಟ್ ಪ್ರತಿಸ್ಪರ್ಧಿ ಸಂಸ್ಥೆಗೆ ಹೋಗಲು ಸಹಿ ಹಾಕಿದ. ಆಗ ಬಿರುದು ಅವನ ಬಳಿಯಲ್ಲಿಯೇ ಇತ್ತು. 1995ರ ಡಿಸೆಂಬರ್‌ನಲ್ಲಿ ಸಂಸ್ಥೆಯ ಮಹಿಳಾ ಬಿರುದನ್ನು ಹೊಂದಿದ್ದ ಕುಸ್ತಿಪಟುವೊಬ್ಬಳು ಆ ಪಟ್ಟಿಯನ್ನು ಪ್ರತಿಸ್ಪರ್ಧಿಯ ನೇರಪ್ರಸಾರದಲ್ಲಿ ಕಸದ ಬುಟ್ಟಿಗೆ ಹಾಕಿದ್ದಳು. ಅದು ಮರುಕಳಿಸೀತೆಂಬ ಭಯ ಮೆಕ್‌ಮ್ಯಾನ್‌ನದು. ಹಾರ್ಟ್‌ನ ನಿಲುವು ಬೇರೆ: ಬಿರುದನ್ನು ಬಿಟ್ಟುಕೊಡಲು ಅಡ್ಡಿಯಿಲ್ಲ, ಆದರೆ ಕೆನಡಾದಲ್ಲಿ, ಅದರಲ್ಲಿಯೂ ಮೈಕಲ್ಸ್‌ಗೆ ಸೋಲುವುದಿಲ್ಲ. ಕೊನೆಯ ದಿನಗಳಲ್ಲಿ ತನ್ನ ಪಾತ್ರದ ನಡೆಯ ಬಗ್ಗೆ ಸಾಕಷ್ಟು ಹಕ್ಕು ಅವನಿಗಿರಬೇಕೆಂದು ಒಪ್ಪಂದವೇ ಹೇಳಿತ್ತು. ಪಂದ್ಯವು ನಿಯಮಭಂಗದಲ್ಲಿ ಮುಗಿಯಲಿ, ಬಿರುದನ್ನು ಆಮೇಲೆ ಒಪ್ಪಿಸಲಾಗುವುದು ಎಂಬ ತಿಳಿವಳಿಕೆಯ ಮೇಲೆ ಹಾರ್ಟ್ ಕಣಕ್ಕಿಳಿದ.

ಅಂದಿನ ಪ್ರದರ್ಶನದಲ್ಲಿ ಇತರ ಪಂದ್ಯಗಳೂ ಇದ್ದವು. ಬ್ರೆಟ್‌ನ ತಮ್ಮ ಓವನ್ ಹಾರ್ಟ್‌ನನ್ನು ಆಸ್ಟಿನ್ ಸೋಲಿಸಿದ್ದೂ ಅಂದೇ. ಆದರೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ಪ್ರೇಕ್ಷಕರು ಕಾದಿದ್ದುದು ಕೊನೆಯ ಪಂದ್ಯಕ್ಕೆ. ಮೈಕಲ್ಸ್ ಕೆನಡಾದ ಧ್ವಜವನ್ನು ಅವಮಾನಿಸಿ ಅವರನ್ನು ಕೆರಳಿಸಿದ್ದ. ಪಂದ್ಯ ನಡೆಯುತ್ತಿರುವಾಗ ಮೈಕಲ್ಸ್ ಹಾರ್ಟ್‌ನ ಸ್ವಂತದ್ದೇ ಆದ ಶಾರ್ಪ್‌ಶೂಟರ್ ಪಟ್ಟನ್ನು ಅವನ ಮೇಲೆಯೇ ಹಾಕಿದ. ಹಾರ್ಟ್ ಅದರಿಂದ ಬಿಡಿಸಿಕೊಂಡು ಮರುಪಟ್ಟು ಹಾಕಬೇಕೆಂಬುದು ಅವನಿಗೆ ತಿಳಿಸಿದ್ದ ಕ್ರಮ. ಅಷ್ಟರಲ್ಲಿ ಕಣದ ಪಕ್ಕದಲ್ಲಿ ನಿಂತಿದ್ದ ಮೆಕ್‌ಮ್ಯಾನ್ ಗಂಟೆ ಬಾರಿಸಲು ಆಜ್ಞಾಪಿಸಿದ. ತೀರ್ಪುಗಾರ ಅರ್ಲ್ ಹೆಬ್ನರ್ ಪಂದ್ಯ ಮುಗಿಯಿತೆಂದು ಸಂಜ್ಞೆ ಮಾಡಿ ಸರಸರನೆ ಹೊರಟುಹೋದ. ಹಾರ್ಟ್ ಸೋಲನ್ನು ಒಪ್ಪಿರಲಿಲ್ಲ. ಅವನು ಮೆಕ್‌ಮ್ಯಾನ್‌ನ ಮುಖಕ್ಕೆ ಉಗುಳಿದ, ಪರದೆಗಳನ್ನು ಒಡೆದುಹಾಕಿದ, ತಾನು ಸೇರಲಿದ್ದ ಸಂಸ್ಥೆಯ ಮೂರು ಅಕ್ಷರಗಳನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದ. ಬಳಿಕ ವಸ್ತ್ರ ಬದಲಿಸುವ ಕೋಣೆಯಲ್ಲಿ ಮೆಕ್‌ಮ್ಯಾನ್‌ಗೆ ಗುದ್ದಿದ. ಮೈಕಲ್ಸ್ ಅಂದು ತನಗೇನೂ ತಿಳಿಯದೆಂದು ಹೇಳಿದನಾದರೂ ಮುಂದೆ ತಿಳಿದಿತ್ತೆಂದು ಒಪ್ಪಿಕೊಂಡ. ಆ ದಿನಗಳಲ್ಲಿ ಹಾರ್ಟ್‌ನನ್ನು ಕುರಿತು ಸಾಕ್ಷ್ಯಚಿತ್ರವೊಂದರ ಚಿತ್ರೀಕರಣ ನಡೆದಿತ್ತು. ಪಾಲ್ ಜೇ ನಿರ್ದೇಶನದ ಆ ಚಿತ್ರ 1998ರಲ್ಲಿ ಹೊರಬಂದು, ಪಂದ್ಯಕ್ಕೆ ಮುನ್ನ ಹಾರ್ಟ್ ಮೆಕ್‌ಮ್ಯಾನ್‌ನೊಡನೆ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಮಾತುಕತೆಯನ್ನೂ ಒಳಗೊಂಡಿತು.

ಮೂಲ ಭಾರತದ ಗದಾಯುದ್ಧದೊಂದಿಗೆ ಇದಕ್ಕಿರುವ ಹೋಲಿಕೆ ಯಾರಿಗಾದರೂ ಹೊಳೆಯುವಂತಹುದೇ. ಕಣದ ಹೊರಗಿನಿಂದ ಬಂದ ಪ್ರೇರಣೆ, ನಿಯಮ ಮೀರಿದ ಏಟು, ಅನ್ಯಾಯವೆಂದು ಸಿಡಿದೇಳುವ ಬಲರಾಮ, ಎಲ್ಲವೂ ಇಲ್ಲಿವೆ. ಬಲರಾಮನ ಸ್ಥಾನದಲ್ಲಿ ಮಾಂಟ್ರಿಯಲ್‌ನ ಪ್ರೇಕ್ಷಕ ಸಮೂಹವಿದೆ. ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆದರೆ ಮುಖ್ಯವಾದ ಅಂಶವೇ ಕೈತಪ್ಪುತ್ತದೆ. ದುರ್ಯೋಧನನಿಗೆ ಏಟು ಬಿದ್ದುದು ಕಥೆಯ ಒಳಗೆ. ಹಾರ್ಟ್‌ಗೆ ಏಟು ಬಿದ್ದುದು ಕಥೆಯ ಅಂಚಿನಲ್ಲಿ. ಸೋತದ್ದು ಯಾರು? ‘ಹಿಟ್‌ಮ್ಯಾನ್’ ಎಂಬ ಪಾತ್ರವೇ, ಬ್ರೆಟ್ ಎಂಬ ಪಾತ್ರಧಾರಿಯೇ? ಪಾತ್ರದ ಸೋಲಿಗೆ ಪಾತ್ರಧಾರಿಯ ಸಮ್ಮತಿ ಇರಲಿಲ್ಲ ಎಂಬಲ್ಲಿಗೆ ಅನುಕಾರ್ಯ-ಅನುಕರ್ತೃ ಎಂಬ ವಿಭಜನೆಯೇ ನಿಲ್ಲದಾಗುತ್ತದೆ. ರಾಮನ ಪಾತ್ರಧಾರಿ ತೀರಿಕೊಂಡರೂ ರಾಮ ಉಳಿಯುತ್ತಾನೆ, ಇನ್ನೊಬ್ಬ ನಟ ಆ ವೇಷ ಕಟ್ಟುತ್ತಾನೆ. ಬ್ರೆಟ್ ಹಾರ್ಟ್‌ನ ಪಾತ್ರಕ್ಕೆ ಇನ್ನೊಬ್ಬ ನಟನಿಲ್ಲ. ಪಾತ್ರದ ಹೆಸರು, ಊರು, ತಂದೆ, ತಮ್ಮ ಎಲ್ಲವೂ ಅವನವೇ. ಹೀಗಿರುವಾಗ ಆ ಪಾತ್ರದ ಕರ್ತೃ ಯಾರು ಎಂಬ ಪ್ರಶ್ನೆಗೆ ಮಾಂಟ್ರಿಯಲ್‌ನಲ್ಲಿ ಸಿಕ್ಕ ಉತ್ತರ ಕ್ರೂರವಾದುದು: ಗಂಟೆ ಬಾರಿಸಲು ಹೇಳುವ ಅಧಿಕಾರ ಯಾರಿಗಿದೆಯೋ ಅವನೇ ಕರ್ತೃ.

ಸಂಶಯವೆಂಬ ರಸವಿಘ್ನ

ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಕೊನೆಯದು ಸಂಶಯಯೋಗ. ಕಾಣುತ್ತಿರುವ ಕಣ್ಣೀರು ದುಃಖದ್ದೋ ಆನಂದದ್ದೋ ಎಂದು ತಿಳಿಯದಿದ್ದಲ್ಲಿ ರಸ ಹುಟ್ಟುವುದಿಲ್ಲ. ಶಂಕುಕನೂ ನಾಟ್ಯಪ್ರತೀತಿಯಿಂದ ಸಂಶಯವನ್ನು ಹೊರಗಿಟ್ಟಿದ್ದನ್ನು ಮೇಲೆ ಗಮನಿಸಲಾಗಿದೆ. ಅವರವರ ಸಿದ್ಧಾಂತಗಳು ಎಷ್ಟೇ ಬೇರೆಯಾಗಿದ್ದರೂ ಇಬ್ಬರಿಗೂ ಸಂಶಯವು ಆಸ್ವಾದದ ಹೊರಗಿನ ವಸ್ತು. ಮಾಂಟ್ರಿಯಲ್ ಘಟನೆಯ ನಂತರದ ಕುಸ್ತಿ ಸಂಶಯವನ್ನೇ ಆಸ್ವಾದದ ವಸ್ತುವನ್ನಾಗಿ ಮಾಡಿಕೊಂಡಿತು ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

ಬಹುಕಾಲ ನಿರೂಪಕನಾಗಿಯೇ ಪ್ರೇಕ್ಷಕರಿಗೆ ಪರಿಚಿತನಾಗಿದ್ದ ಮೆಕ್‌ಮ್ಯಾನ್, ಹಾರ್ಟ್ ತನ್ನ ಸೋಲಿಗೆ ತಾನೇ ಕಾರಣನೆಂದು ಕೆಲವೇ ದಿನಗಳಲ್ಲಿ ದೂರದರ್ಶನದ ಸಂದರ್ಶನದಲ್ಲಿ ಹೇಳಿದ. ಅದರಿಂದ ಕೆರಳಿದ ಜನರ ದ್ವೇಷವನ್ನೇ ಬಂಡವಾಳವಾಗಿಸಿಕೊಂಡು ‘ಮಿಸ್ಟರ್ ಮೆಕ್‌ಮ್ಯಾನ್’ ಎಂಬ ದುಷ್ಟ ಮಾಲೀಕನ ಪಾತ್ರ ಹುಟ್ಟಿತು. 1998ರ ಮಾರ್ಚ್ 29ರಂದು ಬಾಸ್ಟನ್‌ನಲ್ಲಿ ಮೈಕಲ್ಸ್‌ನನ್ನು ಸೋಲಿಸಿದ ಆಸ್ಟಿನ್, ಈ ಮಾಲೀಕನನ್ನು ಎದುರಿಸುವ ದುಡಿಮೆಗಾರನ ಪಾತ್ರವಾಗಿ ಬೆಳೆದ. ನಿಜವಾದ ಅನ್ಯಾಯವೊಂದು ಕಥೆಗೆ ಕಚ್ಚಾ ವಸ್ತುವಾಯಿತು. ಅನ್ಯಾಯ ಮಾಡಿದವನೇ ಅದರ ಲಾಭವನ್ನೂ ಪಡೆದ. ಇಡೀ ಮಾಂಟ್ರಿಯಲ್ ಪ್ರಕರಣವೇ ಹಾರ್ಟ್‌ನೂ ಸೇರಿ ಹೂಡಿದ ನಾಟಕವೆಂದು ನಂಬಿದವರೂ ಹಲವರಿದ್ದರು. ಆ ನಂಬಿಕೆಗೆ ಆಧಾರವಿಲ್ಲ. ಆದರೆ ಅದು ಹುಟ್ಟಿದ್ದು ಆಕಸ್ಮಿಕವೂ ಅಲ್ಲ. ಒಮ್ಮೆ ಚೌಕಟ್ಟು ಒಡೆದ ಮೇಲೆ ಒಡೆದದ್ದೂ ಚಿತ್ರದ ಭಾಗವಾಗಿರಬಹುದೆಂಬ ಅನುಮಾನ ತಾನಾಗಿಯೇ ಬರುತ್ತದೆ. ಪ್ರೇಕ್ಷಕ ಇನ್ನು ಮುಂದೆ ಪಂದ್ಯ ನಿಜವೇ ಎಂದು ಕೇಳುವುದಿಲ್ಲ. ಇದರಲ್ಲಿ ಎಷ್ಟು ಪಾಲು ನಿಜ ಎಂದು ಕೇಳುತ್ತಾನೆ. ಕುಸ್ತಿಯವರೂ ನಿಜದಂತೆ ಕಾಣುವ ಬಿರುಕುಗಳನ್ನು ಬೇಕೆಂದೇ ಕಥೆಯಲ್ಲಿ ಇಡತೊಡಗಿದರು.

ಸಂಶಯವನ್ನು ಹೀಗೆ ಬೆಳೆಸಿದ್ದಕ್ಕೆ ತೆರಬೇಕಾದ ಬೆಲೆ 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಗೋಚರವಾಯಿತು. ‘ಓವರ್ ದಿ ಎಡ್ಜ್’ ಎಂಬ ಪೇ-ಪರ್-ವ್ಯೂ ಪ್ರದರ್ಶನದಲ್ಲಿ ಓವನ್ ಹಾರ್ಟ್ ‘ಬ್ಲೂ ಬ್ಲೇಜರ್’ ಎಂಬ ಹಾಸ್ಯಪಾತ್ರದ ವೇಷದಲ್ಲಿ ಛಾವಣಿಯಿಂದ ಹಗ್ಗದ ಮೂಲಕ ಕಣಕ್ಕಿಳಿಯಬೇಕಾಗಿತ್ತು. ಕೊಂಡಿ ಬಿಚ್ಚಿ ಅವನು ಕೆಳಗೆ ಬಿದ್ದು ಮರಣ ಹೊಂದಿದ. ಆ ಕ್ಷಣದಲ್ಲಿ ಮನೆಗಳ ಪರದೆಯ ಮೇಲೆ ಮೊದಲೇ ಮುದ್ರಿಸಿದ ದೃಶ್ಯ ಓಡುತ್ತಿತ್ತು. ಬಳಿಕ ವೀಕ್ಷಕ ವಿವರಣೆಕಾರ ಜಿಮ್ ರಾಸ್ ಇದು ಮನರಂಜನೆಯ ಭಾಗವಲ್ಲವೆಂದು ವೀಕ್ಷಕರಿಗೆ ಬಿಡಿಸಿ ಹೇಳಬೇಕಾಯಿತು. ಹಾಗೆ ಹೇಳಬೇಕಾಗಿ ಬಂದದ್ದೇ ಆ ಮಾಧ್ಯಮದ ಸ್ಥಿತಿಯನ್ನು ತೋರಿಸುತ್ತದೆ. ಪರದೆಯ ಮುಂದಿದ್ದವರಿಗೆ ಸಾವಿನ ಸುದ್ದಿ ತಿಳಿಯಿತು, ಸಭಾಂಗಣದಲ್ಲಿದ್ದವರಿಗೆ ತಿಳಿಸಲಿಲ್ಲ, ಪ್ರದರ್ಶನ ಮುಂದುವರಿಯಿತು. ಓವನ್‌ನ ಕುಟುಂಬ ಹೂಡಿದ ದಾವೆ 2000ದಲ್ಲಿ ಸುಮಾರು 1.8 ಕೋಟಿ ಡಾಲರ್‌ಗಳ ಪರಿಹಾರದೊಂದಿಗೆ ಇತ್ಯರ್ಥವಾಯಿತು. ಸಂಶಯವನ್ನು ವಿಘ್ನವೆಂದು ಕರೆದಾಗ ಅಭಿನವಗುಪ್ತನ ಕಣ್ಣ ಮುಂದೆ ಇದ್ದುದು ಆಸ್ವಾದದ ಪ್ರಶ್ನೆ ಮಾತ್ರ. ಕಾನ್ಸಾಸ್ ಸಿಟಿಯಲ್ಲಿ ಅದು ಆಸ್ವಾದವನ್ನು ದಾಟಿದ ಪ್ರಶ್ನೆಯಾಗಿ ಎದುರಾಯಿತು. ಬೀಳುತ್ತಿರುವ ಮನುಷ್ಯನನ್ನು ಕಂಡು ಇದು ಆಟವಿರಬಹುದೆಂದು ಒಂದು ಕ್ಷಣವಾದರೂ ಕಾಯುವ ಪ್ರೇಕ್ಷಕನನ್ನು ಈ ಕಥನಕ್ರಮವೇ ರೂಪಿಸಿತ್ತು.

ಬ್ರೆಟ್ ಹಾರ್ಟ್‌ನ ಕಥೆಗೆ ಇನ್ನೊಂದು ನಿರ್ವಹಣಸಂಧಿ ಬಾಕಿಯಿತ್ತು. 1999ರ ಡಿಸೆಂಬರ್‌ನಲ್ಲಿ ಡಬ್ಲ್ಯುಸಿಡಬ್ಲ್ಯು ಪಂದ್ಯವೊಂದರಲ್ಲಿ ತಲೆಗೆ ಬಿದ್ದ ಒದೆತದಿಂದ ಅವನ ಕುಸ್ತಿಜೀವನ ಮುಗಿಯಿತು. 2002ರಲ್ಲಿ ಪಾರ್ಶ್ವವಾಯು ತಗುಲಿತು. 2010ರ ಜನವರಿ 4ರಂದು ಅವನು ಹಳೆಯ ಸಂಸ್ಥೆಯ ವೇದಿಕೆಗೆ ಮರಳಿ ಮೈಕಲ್ಸ್‌ನ ಕೈಕುಲುಕಿದ. ಆ ಕೆಲವು ನಿಮಿಷಗಳಲ್ಲಿ ಇಬ್ಬರಲ್ಲಿ ಒಬ್ಬರು ಎಲ್ಲಿ ಕೈಯೆತ್ತಿ ಬಿಡುತ್ತಾರೋ ಎಂದು ಸಭೆಯೆಲ್ಲ ಉಸಿರು ಬಿಗಿಹಿಡಿದು ನೋಡಿತು. ಅದೇ ವರ್ಷದ ಮಾರ್ಚ್ 28ರ ರೆಸಲ್‌ಮೇನಿಯಾದಲ್ಲಿ ಹಾರ್ಟ್ ತನ್ನ ಶಾರ್ಪ್‌ಶೂಟರ್ ಪಟ್ಟಿನಿಂದಲೇ ಮೆಕ್‌ಮ್ಯಾನ್‌ನನ್ನು ಸೋಲಿಸಿದ. ನ್ಯಾಯ ದೊರೆಯಿತು, ಪಟ್ಟು ಯಜಮಾನನ ಮೇಲೆಯೇ ತಿರುಗಿತು, ಕಥೆ ಕೂಡಿಬಂದಿತು. ಆದರೂ ಆ ಪಂದ್ಯ ನೀರಸವಾಯಿತು. ಹಾರ್ಟ್‌ನ ದೇಹ ಮೊದಲಿನಂತೆ ಏಟು ತಿನ್ನುವ ಸ್ಥಿತಿಯಲ್ಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಯಾರು ಗೆಲ್ಲುತ್ತಾರೆಂಬುದೂ ಗೊತ್ತಿತ್ತು. ಜನವರಿಯ ಕೈಕುಲುಕುವಿಕೆಯಲ್ಲಿ ಇದ್ದ ಸಂಶಯ ಮಾರ್ಚ್ ತಿಂಗಳ ಕಾಳಗದಲ್ಲಿ ಉಳಿದಿರಲಿಲ್ಲ.